ಜನವರಿಯಲ್ಲಿ ಊಡ್ನಡಾಟಾ ಟ್ರ್ಯಾಕ್: ಮಕ್ಕಳು, ಮಾವನವರ ಜೊತೆ ಕಾರಿನಲ್ಲಿ ಹೋಗಬಹುದಾ?

ಪ್ರಶ್ನೆ: ನಾವು ಅಡಿಲೇಡ್‌ನಲ್ಲಿದ್ದೇವೆ. ನಾನು, ನಮ್ಮವರು, 9 ಮತ್ತು 6 ವರ್ಷದ ಇಬ್ಬರು ಮಕ್ಕಳು. ಡಿಸೆಂಬರ್‌ನಲ್ಲಿ ಮಾವನವರು ಊರಿನಿಂದ ಬರುತ್ತಾರೆ, ಮಾರ್ಚ್‌ನಲ್ಲಿ ವಾಪಸ್. ಅವರಿಗೆ 68 ವರ್ಷ, ಬಿಪಿ ಮಾತ್ರೆ ತೆಗೆದುಕೊಳ್ಳುತ್ತಾರೆ. ಜನವರಿ ಎರಡನೇ ವಾರ ಮಕ್ಕಳಿಗೂ ರಜೆ. ಏಳು ದಿನದ ಕಾರ್ ಪ್ರವಾಸ ಹಾಕಿಕೊಂಡಿದ್ದೇವೆ: ಫ್ಲಿಂಡರ್ಸ್ ಬೆಟ್ಟಗಳು, ಮರ್ರೀ, ಅಲ್ಲಿಂದ ಒಳನಾಡಿನ ಮರುಭೂಮಿಯ ಮಣ್ಣು ರಸ್ತೆಯಾದ ಊಡ್ನಡಾಟಾ ಟ್ರ್ಯಾಕ್ ಪೂರ್ತಿ, ನಡುವೆ ಲೇಕ್ ಐರ್ ಎಂಬ ಉಪ್ಪಿನ ಸರೋವರ ನೋಡಲು ಹ್ಯಾಲಿಗನ್ ಬೇ, ಆಮೇಲೆ ಮಾರ್ಲಾ, ಕೂಬರ್ ಪೀಡಿ, ಮನೆ. ಬಾಡಿಗೆ ಎಸ್‌ಯುವಿಯಲ್ಲಿ ಹೋಗುವುದು. ‘ರಸ್ತೆ ಇದೆ, ಪೆಟ್ರೋಲ್ ಸಿಗುತ್ತದೆ, ಏನಾಗತ್ತೆ?’ ಎನ್ನುತ್ತಾರೆ ನಮ್ಮವರು. ‘ಎರಡು ಗಾಡಿ ಇಲ್ಲದೆ ಕಾಲಿಡಬೇಡಿ’ ಎನ್ನುತ್ತಾನೆ ಮೈದುನ. ಕಂಡ ಕಂಡ ಕಥೆಗಳನ್ನೆಲ್ಲ ಓದಿ ನನಗೆ ನಿದ್ದೆ ಬರುತ್ತಿಲ್ಲ. ಎಷ್ಟು ನೀರು ಒಯ್ಯಬೇಕು? ಗಾಡಿ ಕೆಟ್ಟು ನಿಂತರೆ ರಾತ್ರಿ ತಂಪಿನಲ್ಲಿ ನಡೆದು ಮುಂದಿನ ಊರು ಸೇರಬಹುದಲ್ವಾ? ಸ್ಯಾಟಲೈಟ್ ಫೋನ್ ಬೇಕೇ ಬೇಕಾ?

ಉತ್ತರ: ಮೊದಲು ನೇರ ಉತ್ತರ ಕೊಟ್ಟುಬಿಡುತ್ತೇನೆ. ಜನವರಿಯಲ್ಲಿ, ಒಂದೇ ಗಾಡಿಯಲ್ಲಿ, ಈ ಐದು ಜನ ಪೂರ್ತಿ ಟ್ರ್ಯಾಕ್ ಮಾಡುವುದು ಬೇಡ. ಹ್ಯಾಲಿಗನ್ ಬೇ ಅಂತೂ ಬೇಡವೇ ಬೇಡ. ಇಲ್ಲಿ ಜನವರಿ ಎಂದರೆ ನಡುಬೇಸಿಗೆ, ಜುಲೈ ಎಂದರೆ ಚಳಿಗಾಲ. ಇದೇ ರಸ್ತೆಗೆ ಜುಲೈನಲ್ಲಿ ಹೋಗುತ್ತೇವೆ ಅಂದಿದ್ದರೆ ‘ಖುಷಿಯಾಗಿ ಹೋಗಿ ಬನ್ನಿ’ ಎಂದು ಎರಡು ಸಾಲಿನಲ್ಲಿ ಮುಗಿಸುತ್ತಿದ್ದೆ. ಮಾವನವರನ್ನು ಜನವರಿಯಲ್ಲೇ ಎಲ್ಲಾದರೂ ಕರೆದೊಯ್ಯಬೇಕು ಅಂದರೆ ಅದಕ್ಕೂ ಒಳ್ಳೆಯ ದಾರಿ ಇದೆ, ಕೊನೆಯಲ್ಲಿ ಹೇಳುತ್ತೇನೆ.

ಈ ಭಾಗದಲ್ಲಿ ಪ್ರವಾಸಿಗರನ್ನು ಕರೆದೊಯ್ಯುವುದು, ಮಣ್ಣು ರಸ್ತೆಯಲ್ಲಿ ಗಾಡಿ ಓಡಿಸುವುದನ್ನು ಹೇಳಿಕೊಡುವುದು, ಸಿಕ್ಕಿಹಾಕಿಕೊಂಡವರನ್ನು ಎಳೆದು ತರುವುದು, ಇದೇ ಇಷ್ಟು ವರ್ಷ ನನ್ನ ಕೆಲಸ. ಹೊರಡುವ ಮುಂಚೆ ಜನ ಕೇಳುವ ಪ್ರಶ್ನೆ ಹೆಚ್ಚಾಗಿ ಸಾಮಾನಿನದು. ಎಷ್ಟು ಕ್ಯಾನ್, ಯಾವ ಫೋನ್, ಯಾವ ಟೈರ್. ನಾನು ಕೇಳುವುದು ಒಂದೇ ಪ್ರಶ್ನೆ: ನೀವು ನಿಂತ ಜಾಗಕ್ಕೆ ಇನ್ನೊಬ್ಬರು ಬಂದು ತಲುಪಲು ಎಷ್ಟು ಹೊತ್ತು ಬೇಕು, ಅಷ್ಟು ಹೊತ್ತು ನೀವು ಐವರೂ ಅಲ್ಲಿ ಆರಾಮಾಗಿ ಕೂತಿರಬಲ್ಲಿರಾ? ನಿಮ್ಮ ಮೂರೂ ಪ್ರಶ್ನೆಗಳನ್ನು ಇದರ ಮೇಲೆ ಇಟ್ಟು ನೋಡೋಣ.

ನಿಮ್ಮವರ ಮಾತಿನಲ್ಲಿ ಅರ್ಧ ನಿಜ ಇದೆ. ಪೆಟ್ರೋಲ್ ದೊಡ್ಡ ಸಮಸ್ಯೆ ಅಲ್ಲ. ಮರ್ರೀಯಿಂದ ಮಾರ್ಲಾವರೆಗೆ ಟ್ರ್ಯಾಕ್‌ನ ಉದ್ದ ಸುಮಾರು 620 ಕಿಲೋಮೀಟರ್. ನಡುವೆ ವಿಲಿಯಂ ಕ್ರೀಕ್, ಊಡ್ನಡಾಟಾ ಎರಡೂ ಕಡೆ ಇಂಧನ ಸಿಗುತ್ತದೆ. ಒಂದು ಕಡೆಯಿಂದ ಇನ್ನೊಂದು ಕಡೆಗೆ ಹೆಚ್ಚುಕಡಿಮೆ 200 ಕಿಲೋಮೀಟರ್. ನಗು ಬರುವ ವಿಷಯ ಏನು ಗೊತ್ತಾ? ನಿಮ್ಮ ಇಡೀ ಪ್ರವಾಸದಲ್ಲಿ ಬಂಕ್ ಇಲ್ಲದ ಅತಿ ಉದ್ದದ ದಾರಿ ಬರುವುದು ಟಾರು ಹಾಕಿದ ಸ್ಟುವರ್ಟ್ ಹೈವೇಯಲ್ಲಿ. ಗ್ಲೆಂಡಾಂಬೋದಿಂದ ಕೂಬರ್ ಪೀಡಿಗೆ ಸುಮಾರು 250 ಕಿಲೋಮೀಟರ್. ಹಾಗಾಗಿ ಕಂಡ ಬಂಕ್‌ನಲ್ಲೆಲ್ಲ ಟ್ಯಾಂಕ್ ತುಂಬಿಸಿ, ಸಾಕು. ಕ್ಯಾನಿನಲ್ಲಿ ಪೆಟ್ರೋಲ್ ತುಂಬಿ ಮಕ್ಕಳು ಕೂತ ಗಾಡಿಯೊಳಗೆ ಇಡಬೇಡಿ. ಅದರ ಆವಿಯೇ ಬೇರೆ ಅಪಾಯ.

ಫೋರ್ ವೀಲ್ ಡ್ರೈವ್ ಇಲ್ಲದೆ ಆಗುವುದೇ ಇಲ್ಲ ಎನ್ನುವುದೂ ಪೂರ್ತಿ ನಿಜ ಅಲ್ಲ. ಇದು ಮರಳ ದಿಬ್ಬ ಹತ್ತಿ ಇಳಿಯುವ ದಾರಿ ಅಲ್ಲ. ಒಣಗಿದ್ದಾಗ ಹದವಾದ ಜಲ್ಲಿ, ಮಣ್ಣಿನ ರಸ್ತೆ. ನೆಲದಿಂದ ಸ್ವಲ್ಪ ಎತ್ತರ ಇರುವ ಯಾವ ಗಾಡಿಯೂ ನಿಧಾನಕ್ಕೆ ಹೋಗಬಹುದು. ‘ಒಣಗಿದ್ದಾಗ’ ಎನ್ನುವ ಪದವನ್ನು ಮಾತ್ರ ನೆನಪಿನಲ್ಲಿಡಿ. ಮಳೆಯ ಮಾತು ಬಂದಾಗ ಬೇಕಾಗುತ್ತದೆ.

ಹಾಗಾದರೆ ಜನವರಿಗೆ ಏನು ತೊಂದರೆ? ಬಿಸಿಲು ಎಂದು ನೀವು ಹೇಳುತ್ತೀರಿ. ಹೌದು, ಊಡ್ನಡಾಟಾದಲ್ಲಿ ಜನವರಿಯ ಸರಾಸರಿ ಗರಿಷ್ಠ ಉಷ್ಣಾಂಶ 38 ಡಿಗ್ರಿಯ ಹತ್ತಿರ. ಸರಾಸರಿಯೇ ಅಷ್ಟು. 1960ರ ಜನವರಿ 2ರಂದು ಇದೇ ಊರಿನಲ್ಲಿ 50.7 ಡಿಗ್ರಿ ದಾಖಲಾಗಿತ್ತು. ಆಸ್ಟ್ರೇಲಿಯಾದಲ್ಲಿ ಅದನ್ನು ಮೀರಿದ ದಾಖಲೆ ಇಲ್ಲ, 2022ರಲ್ಲಿ ಪಶ್ಚಿಮ ಕರಾವಳಿಯ ಆನ್‌ಸ್ಲೋ ಅದನ್ನು ಸರಿಗಟ್ಟಿತು ಅಷ್ಟೇ. ಆದರೆ ಏಸಿ ಕಾರಿನಲ್ಲಿ ಕೂತು ಹೋಗುವವರಿಗೆ ಬರೀ ಬಿಸಿಲಿನಿಂದ ಏನೂ ಆಗುವುದಿಲ್ಲ. ಬಿಸಿಲು ಮಾಡುವ ಕೆಲಸ ಬೇರೆ. ಜುಲೈನಲ್ಲಿ ‘ಪಂಕ್ಚರ್ ಆಯ್ತು, ಹಿಂದಿನ ಗಾಡಿಯವರು ಬಂದು ಕೈ ಹಾಕಿದರು, ಚಹಾ ಕುಡಿದೆವು’ ಎಂಬ ಕಥೆಯಾಗುವ ಘಟನೆಯನ್ನು ಅದು ಜನವರಿಯಲ್ಲಿ ಜೀವದ ಪ್ರಶ್ನೆ ಮಾಡಿಬಿಡುತ್ತದೆ. ಜುಲೈನಲ್ಲಿ ಹಗಲು 20 ಡಿಗ್ರಿ ಆಸುಪಾಸು, ಪ್ರವಾಸಿಗರ ಕಾಲ, ಹಿಂದೆ ಮುಂದೆ ಗಾಡಿಗಳು. ಜನವರಿಯಲ್ಲಿ ಬುದ್ಧಿ ಇರುವವರು ಆ ಕಡೆ ಬರುವುದಿಲ್ಲ. ಅಂದರೆ ನೀವು ಕಾಯಬೇಕಾದ ಹೊತ್ತು ಜಾಸ್ತಿ ಆಗುತ್ತದೆ, ಕಾಯುವ ಶಕ್ತಿ ಕಡಿಮೆ ಆಗುತ್ತದೆ.

ಹ್ಯಾಲಿಗನ್ ಬೇ ವಿಷಯಕ್ಕೆ ಬರುತ್ತೇನೆ. ನೀವು ಓದಿದ ಕಥೆಗಳಲ್ಲಿ ಇದೂ ಇರಬಹುದು. ವಿಲಿಯಂ ಕ್ರೀಕ್ ಹತ್ತಿರ ಮುಖ್ಯ ಟ್ರ್ಯಾಕ್ ಬಿಟ್ಟು ಸುಮಾರು 60 ಕಿಲೋಮೀಟರ್ ಒಳಗೆ ಹೋದರೆ ಕಾಟಿ ಥಂಡಾ ಅಂದರೆ ಲೇಕ್ ಐರ್‌ನ ದಂಡೆ. ಅದು ಮುಂದಿನ ಊರಿಗೆ ಹಾದು ಹೋಗುವ ದಾರಿಯಲ್ಲ, ಅಲ್ಲೇ ಕೊನೆಯಾಗುವ ದಾರಿ. ಅಲ್ಲಿಗೆ ಹೋಗುವವರನ್ನು ಬಿಟ್ಟರೆ ಬೇರೆ ಯಾರೂ ಆ ದಾರಿಯಲ್ಲಿ ಹಾದು ಹೋಗುವುದಿಲ್ಲ. 1998ರ ಡಿಸೆಂಬರ್‌ನಲ್ಲಿ ಆಸ್ಟ್ರಿಯಾದಿಂದ ಬಂದಿದ್ದ ಒಂದು ಜೋಡಿಯ ಬಾಡಿಗೆ ಗಾಡಿ ಅಲ್ಲಿ ಮರಳಿನಲ್ಲಿ ಹೂತುಕೊಂಡಿತು. ಅವರು ನಿಂತಿದ್ದ ಜಾಗದ ಹತ್ತಿರವೇ ನೀರಿನ ಟ್ಯಾಂಕ್ ಇತ್ತು. ಕಾದರು, ಯಾರೂ ಬರಲಿಲ್ಲ. ಕೊನೆಗೆ ಇಬ್ಬರೂ ನೀರು ಹೊತ್ತು ವಿಲಿಯಂ ಕ್ರೀಕ್ ಕಡೆ ನಡೆದರು. ಅವನಿಗೆ ಆಗಲಿಲ್ಲ, ಗಾಡಿಗೆ ವಾಪಸ್ ಬಂದ. ಅವಳು ಮುಂದೆ ಹೋದಳು. ಸುಮಾರು 30 ಕಿಲೋಮೀಟರ್ ನಡೆದು ದಾರಿಯಲ್ಲೇ ತೀರಿಕೊಂಡಳು. ಗಾಡಿಯಲ್ಲಿ ಉಳಿದವನು ಬದುಕಿದ. ಆಮೇಲೆ ಪೊಲೀಸರು ಬಂದು ಟೈರಿನ ಗಾಳಿ ಇಳಿಸಿ ಅದೇ ಗಾಡಿಯನ್ನು ಓಡಿಸಿಕೊಂಡೇ ಹೊರಗೆ ತಂದರು.

ಈ ಘಟನೆಯನ್ನು ನಾನು ಪ್ರತಿ ತರಬೇತಿಯಲ್ಲೂ ಹೇಳುತ್ತೇನೆ, ಹೇಳುವಾಗಲೆಲ್ಲ ಕಷ್ಟವಾಗುತ್ತದೆ. ಅವರು ದಡ್ಡರಾಗಿರಲಿಲ್ಲ. ನೀರಿತ್ತು, ಫೋರ್ ವೀಲ್ ಡ್ರೈವ್ ಇತ್ತು. ಹೊರಬರುವ ಉಪಾಯ ಟೈರಿನ ವಾಲ್ವ್‌ನಲ್ಲೇ ಇತ್ತು, ಅದು ಗೊತ್ತಿರಲಿಲ್ಲ ಅಷ್ಟೇ. ಮರಳಿನಲ್ಲಿ ಟೈರ್ ಗಾಳಿಯನ್ನು 18–20 ಪಿಎಸ್‌ಐಗೆ ಇಳಿಸಿದರೆ ಟೈರ್ ಚಪ್ಪಟೆಯಾಗಿ ಉದ್ದಕ್ಕೆ ನೆಲ ಹಿಡಿಯುತ್ತದೆ, ಗಾಡಿ ಮುಳುಗುವ ಬದಲು ತೇಲಿಕೊಂಡು ಬರುತ್ತದೆ. ಆಕ್ಸಿಲರೇಟರ್ ಒತ್ತಿದಷ್ಟೂ ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಳ್ಳುತ್ತದೆ.

ಈಗ ನಿಮ್ಮ ‘ರಾತ್ರಿ ತಂಪಿನಲ್ಲಿ ನಡೆದರೆ?’ ಪ್ರಶ್ನೆ. ಇಲ್ಲ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ರಾಚೆಸ್ಟರ್ ವಿಶ್ವವಿದ್ಯಾಲಯದ ಎಡ್ವರ್ಡ್ ಅಡಾಲ್ಫ್ ತಂಡ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ಸೈನಿಕರ ಮೇಲೆ ಈ ಲೆಕ್ಕ ಮಾಡಿತ್ತು. ನೆರಳಿನಲ್ಲೇ 49 ಡಿಗ್ರಿ ಇರುವ ದಿನ, ಕುಡಿಯಲು ನೀರೇ ಇಲ್ಲ ಅಂದುಕೊಳ್ಳಿ. ಅಲುಗಾಡದೆ ನೆರಳಿನಲ್ಲಿ ಕೂತವನು ಸುಮಾರು ಎರಡು ದಿನ ಬದುಕಬಹುದು. ರಾತ್ರಿ ನಡೆದು ಹಗಲು ಮಲಗಿದವನಿಗೆ ಒಂದೇ ದಿನ. ನಡಿಗೆ ಅರ್ಧ ಆಯಸ್ಸನ್ನು ತಿನ್ನುತ್ತದೆ. ಅದು ಗಟ್ಟಿಮುಟ್ಟಾದ ಸೈನಿಕರ ಲೆಕ್ಕ. ಆರು ವರ್ಷದ ಮಗು, 68ರ ಮಾವನವರು 100 ಕಿಲೋಮೀಟರ್ ನಡೆಯುವ ಮಾತೇ ಇಲ್ಲ ಅಲ್ವಾ?

ಆದರೂ ಜನ ನಡೆಯುತ್ತಾರೆ. ಯಾಕೆಂದರೆ ಸುಮ್ನೆ ಕೂರುವುದು ಕೈಕಟ್ಟಿ ಕೂತ ಹಾಗೆ ಅನಿಸುತ್ತದೆ. ಮಕ್ಕಳು ಅಳುತ್ತಿದ್ದರೆ ಅಪ್ಪನಾದವನಿಗೆ ಏನಾದರೂ ಮಾಡಲೇಬೇಕು ಅನಿಸುತ್ತದೆ. 1963ರ ಡಿಸೆಂಬರ್‌ನಲ್ಲಿ ಮರ್ರೀಯಿಂದಲೇ ಹೊರಡುವ ಬರ್ಡ್ಸ್‌ವಿಲ್ ಟ್ರ್ಯಾಕ್‌ನಲ್ಲಿ ಪೆಟ್ರೋಲ್ ಖಾಲಿಯಾಗಿ ನಿಂತ ಪೇಜ್ ಕುಟುಂಬದ ಐವರೂ ಹಾಗೆಯೇ ಗಾಡಿ ಬಿಟ್ಟು ಹೋಗಿ ತೀರಿಕೊಂಡರು. ಮೇಲಿನಿಂದ ಹುಡುಕುವ ವಿಮಾನಕ್ಕೆ ಬಯಲಿನಲ್ಲಿ ನಿಂತ ಕಾರು ಚೆನ್ನಾಗಿ ಕಾಣುತ್ತದೆ, ಪೊದೆಯ ಬುಡದಲ್ಲಿ ಮಲಗಿದ ಮನುಷ್ಯ ಕಾಣುವುದಿಲ್ಲ. ಹಾಗಾಗಿ ಹೊರಡುವ ಮುಂಚೆ ಮನೆಯಲ್ಲೇ ಎಲ್ಲರೂ ಕೂತು ಒಪ್ಪಿಕೊಳ್ಳಿ: ಏನೇ ಆದರೂ ಗಾಡಿ ಬಿಡುವುದಿಲ್ಲ. ಅಲ್ಲಿ ನಿಂತ ಮೇಲೆ ಆ ಮಾತಿಗೆ ಕೂತರೆ ಭಯವೇ ತೀರ್ಮಾನ ಮಾಡಿಬಿಡುತ್ತದೆ. ಬೇಕಿದ್ದರೆ ದೊಡ್ಡ ಟಾರ್ಪಾಲಿನ್ ಒಂದು ಒಯ್ಯಿರಿ. ಗಾಡಿಯ ಪಕ್ಕಕ್ಕೆ ಕಟ್ಟಿ ಅದರ ಕೆಳಗೆ ಕೂರಿ, ಒಳಗೆ ಅಲ್ಲ. ಏಸಿ ನಿಂತ ಕಾರು ಒಲೆಯಂತೆ ಕಾಯುತ್ತದೆ.

ನೀರಿನ ಲೆಕ್ಕ ಈಗ ಸುಲಭ. ಇಲ್ಲಿ ಬೇಸಿಗೆಗೆ ಒಬ್ಬರಿಗೆ ದಿನಕ್ಕೆ 10 ಲೀಟರ್ ಇಟ್ಟುಕೊಳ್ಳಿ ಎನ್ನುವುದು ರೂಢಿ. ದಾರಿಯ ಒಂದು ದಿನ, ಸಿಕ್ಕಿಹಾಕಿಕೊಂಡರೆ ಎರಡು ದಿನ. ಐದು ಜನಕ್ಕೆ 150 ಲೀಟರ್. ಅಂದರೆ 150 ಕಿಲೋ. ನೀವು ಐವರ ತೂಕ 250 ಕಿಲೋ ಇರಬಹುದು. ಅಲ್ಲಿಗೇ 400. ಸಾಮಾನ್ಯ ಎಸ್‌ಯುವಿ ಜನ, ಸಾಮಾನು ಎಲ್ಲ ಸೇರಿ ಹೊರುವುದು 450–500 ಕಿಲೋ ಅಷ್ಟೇ. ಇನ್ನು ಬ್ಯಾಗು, ಊಟ, ಎರಡನೇ ಸ್ಟೆಪ್ನಿ ಎಲ್ಲಿ ಇಡುತ್ತೀರಿ? ತಲೆಯ ಮೇಲೆ ಕಟ್ಟಿದರೆ ಗಾಡಿ ಮಗುಚುವ ಸಾಧ್ಯತೆ ಜಾಸ್ತಿ. ನೋಡಿ, ಜನವರಿಗೆ ಬೇಕಾದ ನೀರು ನಿಮ್ಮ ಗಾಡಿಯಲ್ಲಿ ಹಿಡಿಯುವುದೇ ಇಲ್ಲ. ಜುಲೈನಲ್ಲಿ ಇದರ ಅರ್ಧ ಸಾಕು.

ನೀರನ್ನು ಒಂದೇ ದೊಡ್ಡ ಕ್ಯಾನಿನಲ್ಲಿ ತುಂಬಬೇಡಿ. ಇದು ನಾನು ನಷ್ಟ ಮಾಡಿಕೊಂಡು ಕಲಿತ ಪಾಠ. ಕೆಲಸ ಶುರು ಮಾಡಿದ ಹೊಸದರಲ್ಲಿ ಒಂದು 40 ಲೀಟರ್ ಕ್ಯಾನ್ ಹಿಂದೆ ಕಟ್ಟಿಕೊಂಡು ಹೊರಟಿದ್ದೆ. ರಸ್ತೆಯ ಕುಲುಕಾಟಕ್ಕೆ ಕ್ಯಾನಿನ ಮೂಲೆ ಜಾಕ್‌ಗೆ ಉಜ್ಜಿ ಉಜ್ಜಿ ಸೀಳಿತ್ತು. ಸಂಜೆ ಡಿಕ್ಕಿ ತೆರೆದರೆ ನೀರೆಲ್ಲ ಹಾಸಿಗೆ ಕುಡಿದಿತ್ತು. ಅದು ಆಗಸ್ಟ್ ತಿಂಗಳು, ಮಾರನೇ ದಿನ ಊರು ಸಿಕ್ಕಿತು, ಬೈಸಿಕೊಂಡು ಬಚಾವಾದೆ. ಅವತ್ತಿನಿಂದ 10 ಲೀಟರಿನ ಕ್ಯಾನ್‌ಗಳು, ಗಾಡಿಯ ಬೇರೆ ಬೇರೆ ಮೂಲೆಯಲ್ಲಿ.

ಇನ್ನೊಂದು ತಪ್ಪು ತಿಳಿವಳಿಕೆ ಎಂದರೆ ನೀರನ್ನು ಉಳಿಸಿ ಉಳಿಸಿ ಗುಟುಕು ಹಾಕುವುದು. ಬಾಯಾರಿದಾಗ ಕುಡಿಯಿರಿ. ಉಳಿಸಬೇಕಾದ್ದು ಬೆವರನ್ನು: ನೆರಳಲ್ಲಿ ಕೂರುವುದು, ಮೈ ತುಂಬ ಸಡಿಲ ಬಟ್ಟೆ, ಹಗಲು ಕೆಲಸ ಮಾಡದಿರುವುದು. ಪ್ಲಾಸ್ಟಿಕ್ ಹಾಸಿ ಮಣ್ಣಿನಿಂದ ನೀರು ಇಳಿಸುವ ಗುಂಡಿಯ ಉಪಾಯ ಪುಸ್ತಕದಲ್ಲಿ ಚೆನ್ನಾಗಿ ಕಾಣುತ್ತದೆ. ಗುಂಡಿ ತೋಡುವಾಗ ಸುರಿಸಿದ ಬೆವರಿನಷ್ಟೂ ನೀರು ಅದರಿಂದ ಸಿಗುವುದು ಕಷ್ಟ. ರೇಡಿಯೇಟರ್ ನೀರನ್ನು ಮುಟ್ಟಲೇಬೇಡಿ, ಅದರಲ್ಲಿರುವ ಕೂಲೆಂಟ್ ವಿಷ.

ಮಾವನವರ ವಿಷಯ ನನಗೆ ಎಲ್ಲಕ್ಕಿಂತ ಮುಖ್ಯ ಅನಿಸಿತು, ನೀವು ಅದನ್ನು ಅರ್ಧ ಸಾಲಿನಲ್ಲಿ ಹೇಳಿ ಮುಗಿಸಿದ್ದೀರಿ. ಬಿಪಿಗೆ ಕೊಡುವ ಕೆಲವು ಮಾತ್ರೆಗಳು ಮೂತ್ರ ಹೆಚ್ಚು ಹೋಗುವಂತೆ ಮಾಡಿ ದೇಹದ ನೀರು, ಉಪ್ಪು ಎರಡನ್ನೂ ಇಳಿಸುತ್ತವೆ. ಇನ್ನು ಕೆಲವು ಬಿಸಿಲಿಗೆ ಹೃದಯ ಹೊಂದಿಕೊಳ್ಳುವುದನ್ನೇ ತಡೆಯುತ್ತವೆ. ವಯಸ್ಸಾದಂತೆ ಬಾಯಾರಿಕೆಯೂ ಸರಿಯಾಗಿ ಗೊತ್ತಾಗುವುದಿಲ್ಲ. ಸಾಲದ್ದಕ್ಕೆ ನಮ್ಮ ಹಿರಿಯರು ‘ಪದೇ ಪದೇ ಗಾಡಿ ನಿಲ್ಲಿಸಬೇಕಲ್ಲ’ ಎಂಬ ಸಂಕೋಚಕ್ಕೆ ನೀರನ್ನೇ ಕುಡಿಯದೆ ಕೂತಿರುತ್ತಾರೆ. ಇದನ್ನು ಎಷ್ಟು ಸಲ ನೋಡಿದ್ದೇನೋ. ಮಾತ್ರೆಯ ಹೆಸರು ಬರೆದುಕೊಂಡು ಡಾಕ್ಟರ್ ಹತ್ತಿರ ಕೇಳಿ, ನೀವೇ ನಿಲ್ಲಿಸಬೇಡಿ. ಬಿಸಿಲಲ್ಲಿ ತಲೆಸುತ್ತು, ವಾಂತಿ ಬಂದ ಹಾಗೆ ಆದರೆ ನೆರಳು, ನೀರು, ವಿಶ್ರಾಂತಿ ಸಾಕಾಗಬಹುದು. ಮಾತು ತೊದಲಿದರೆ, ಸಂಬಂಧವಿಲ್ಲದ್ದು ಮಾತಾಡಿದರೆ, ಮಂಕಾದರೆ ಅದು ಬಿಸಿಲಿನ ಹೊಡೆತ. ಆಗ ತಕ್ಷಣ ಮೈ ತೋಯಿಸಿ ಗಾಳಿ ಹಾಕುತ್ತ ತುರ್ತು ಸಹಾಯಕ್ಕೆ ಕರೆ ಮಾಡಬೇಕು. ಆ ಕರೆಗೆ ವಿಮಾನದಲ್ಲಿ ಡಾಕ್ಟರ್ ಬರುವ ದೇಶ ಇದು, 1928ರಿಂದ ಆ ವ್ಯವಸ್ಥೆ ಇದೆ. ಆದರೂ ಅವರು ಬರುವ ತನಕದ ಒಂದೆರಡು ಗಂಟೆ ನಿಮ್ಮದೇ.

ಸ್ಯಾಟಲೈಟ್ ಫೋನ್ ಬೇಕಾ? ಮೊಬೈಲ್ ಸಿಗ್ನಲ್ ಊರುಗಳನ್ನು ಬಿಟ್ಟ ಸ್ವಲ್ಪ ಹೊತ್ತಿಗೆ ಹೋಗುತ್ತದೆ, ಅದನ್ನು ನಂಬಬೇಡಿ. ನಾನು ಮೊದಲು ಹೇಳುವುದು ಪಿಎಲ್‌ಬಿ ಎಂಬ ಅಂಗೈಯಗಲದ ಬೀಕನ್. ಗುಂಡಿ ಒತ್ತಿದರೆ 406 ಮೆಗಾಹರ್ಟ್ಸ್‌ನಲ್ಲಿ ಉಪಗ್ರಹಕ್ಕೆ ಸಂಕೇತ ಹೋಗುತ್ತದೆ. ಜಿಪಿಎಸ್ ಇರುವುದಾದರೆ ನೂರಿನ್ನೂರು ಮೀಟರಿನೊಳಗೆ ನಿಮ್ಮ ಜಾಗ ತಿಳಿಯುತ್ತದೆ. ಕನಿಷ್ಠ 24 ಗಂಟೆ ಸಂಕೇತ ಕಳಿಸುತ್ತಲೇ ಇರುತ್ತದೆ. ಬಾಡಿಗೆಗೂ ಸಿಗುತ್ತದೆ. ಕೊಂಡರೆ ಸಮುದ್ರ ಸುರಕ್ಷತಾ ಪ್ರಾಧಿಕಾರದಲ್ಲಿ ಉಚಿತವಾಗಿ ನೋಂದಾಯಿಸಬೇಕು. ಆದರೆ ಅದು ಮಾತಾಡುವುದಿಲ್ಲ. ‘ಟೈರ್ ಹೋಗಿದೆ, ಎಲ್ಲರೂ ಚೆನ್ನಾಗಿದ್ದೇವೆ’ ಎಂದು ಅದರಲ್ಲಿ ಹೇಳಲು ಬರುವುದಿಲ್ಲ. ಜೀವಕ್ಕೆ ಕುತ್ತು ಬಂದಾಗ ಮಾತ್ರ ಒತ್ತುವಂಥದ್ದು. ಮಾತಾಡಲು ಸ್ಯಾಟಲೈಟ್ ಫೋನ್ ಬಾಡಿಗೆಗೆ ತೆಗೆದುಕೊಳ್ಳಿ, ಅಥವಾ ಸಂದೇಶ ಕಳಿಸುವ ಚಿಕ್ಕ ಸಾಧನ. ಈಚಿನ ಐಫೋನ್‌ಗಳಲ್ಲಿ ಉಪಗ್ರಹದ ಮೂಲಕ ತುರ್ತು ಸಂದೇಶ ಕಳಿಸುವ ಸೌಲಭ್ಯ ಆಸ್ಟ್ರೇಲಿಯಾದಲ್ಲಿ 2023ರಿಂದ ಇದೆ. ಒಳ್ಳೆಯದೇ, ಆದರೆ ಫೋಟೋ ತೆಗೆದು ತೆಗೆದು ಬ್ಯಾಟರಿ ಮುಗಿಸಿದ ಫೋನಿನ ಮೇಲೆ ಐದು ಜೀವ ಇಡಬೇಡಿ. ಗಾಡಿಯಿಂದ ಗಾಡಿಗೆ ಮಾತಾಡುವ ಒಂದು ಯುಎಚ್‌ಎಫ್ ರೇಡಿಯೋ ಇದ್ದರೆ ಲಾರಿಯವರು 40ನೇ ಚಾನೆಲ್‌ನಲ್ಲಿ ಸಿಗುತ್ತಾರೆ.

ಇವೆಲ್ಲಕ್ಕಿಂತ ಅಗ್ಗದ ಸಾಧನ ನಿಮ್ಮ ಮೈದುನ. ಯಾವ ದಿನ ಎಲ್ಲಿ ತಂಗುತ್ತೀರಿ, ಯಾವ ರಸ್ತೆ, ಗಾಡಿಯ ನಂಬರ್, ಎಷ್ಟು ಗಂಟೆಯೊಳಗೆ ನಿಮ್ಮಿಂದ ಸುದ್ದಿ ಬರದಿದ್ದರೆ ಪೊಲೀಸರಿಗೆ ಹೇಳಬೇಕು, ಇಷ್ಟನ್ನೂ ಬರೆದು ಕೊಡಿ. ‘ಸಂಜೆ ಫೋನ್ ಮಾಡ್ತೀವಿ’ ಎಂದರೆ ಸಾಲದು. ಗಂಟೆ ಹೇಳಿ.

ಇಷ್ಟು ಹೊತ್ತು ನೀರು, ಬಿಸಿಲು ಎಂದೆ. ನಿಜ ಹೇಳಬೇಕೆಂದರೆ ನಾನು ಕಂಡ ಅನಾಹುತಗಳಲ್ಲಿ ಜಾಸ್ತಿ ಬಾಯಾರಿಕೆಯಿಂದ ಆದದ್ದಲ್ಲ, ವೇಗದಿಂದ ಆದದ್ದು. ಜಲ್ಲಿ ರಸ್ತೆ ತಗಡಿನ ಶೀಟಿನ ಹಾಗೆ ಅಡ್ಡಡ್ಡಕ್ಕೆ ಅಲೆ ಅಲೆಯಾಗಿರುತ್ತದೆ. ಓಡಾಡುವ ಚಕ್ರಗಳೇ ಕುಣಿದು ಕುಣಿದು ಅದನ್ನು ಮಾಡುತ್ತವೆ. ನಿಧಾನ ಹೋದರೆ ಹಲ್ಲು ಉದುರುವಷ್ಟು ನಡುಕ. ವೇಗ ಹೆಚ್ಚಿಸಿದರೆ ಅಲೆಯ ತುದಿಯಿಂದ ತುದಿಗೆ ಹಾರಿ ನಡುಕ ಕಡಿಮೆಯಾಗುತ್ತದೆ. ‘ಹಾಗಾದ್ರೆ ಜೋರಾಗಿ ಹೋಗೋದೇ ಸರಿ’ ಎಂದು ಎಲ್ಲರೂ ಹೇಳಿಕೊಡುವುದು ಅದಕ್ಕೇ. ಆದರೆ ಆಗ ಚಕ್ರ ಅರ್ಧ ಹೊತ್ತು ನೆಲದ ಮೇಲೆ ಇರುವುದೇ ಇಲ್ಲ. ತಿರುವಿನಲ್ಲಿ ಸ್ಟೀರಿಂಗ್ ಮಾತು ಕೇಳುವುದಿಲ್ಲ, ಬ್ರೇಕ್ ಹಿಡಿಯುವುದಿಲ್ಲ. ಕಾಂಗರೂ ಅಡ್ಡ ಬಂತು, ಸರಕ್ಕನೆ ಸ್ಟೀರಿಂಗ್ ತಿರುಗಿಸಿದಿರಿ, ಹಿಂಭಾಗ ಜಾರಿತು, ಗಾಡಿ ಮಗುಚಿತು. ಬಹಳಷ್ಟು ಸಲ ಎದುರಿಗೆ ಇನ್ನೊಂದು ಗಾಡಿಯೇ ಇರುವುದಿಲ್ಲ.

ನಿಮ್ಮ ಗಾಡಿಗೆ ಗಂಟೆಗೆ 70–80 ಕಿಲೋಮೀಟರ್ ಮಿತಿ ಎಂದುಕೊಳ್ಳಿ. ಟೈರ್ ಗಾಳಿಯನ್ನು 28–30 ಪಿಎಸ್‌ಐಗೆ ಇಳಿಸಿ. ನಡುಕವೂ ಕಡಿಮೆ, ಚೂಪು ಕಲ್ಲಿಗೆ ಟೈರ್ ಸೀಳುವುದೂ ಕಡಿಮೆ. ಟಾರು ರಸ್ತೆ ಸಿಕ್ಕಾಗ ಮತ್ತೆ ತುಂಬಿಸಲು ಸಣ್ಣ ಕಂಪ್ರೆಸರ್ ಬೇಕು. ಪ್ರಾಣಿ ಅಡ್ಡ ಬಂದರೆ ನೇರಕ್ಕೆ ಬ್ರೇಕ್ ಹಾಕಿ, ಸ್ಟೀರಿಂಗ್ ತಿರುಗಿಸಬೇಡಿ. ಮುಂದೆ ರೋಡ್ ಟ್ರೈನ್ ಎಂಬ, ಹಲವು ಟ್ರೈಲರ್ ಎಳೆಯುವ ಲಾರಿ ಇದ್ದರೆ, ಅದು 50 ಮೀಟರ್‌ಗೂ ಉದ್ದ ಇರಬಹುದು, ಅದರ ಧೂಳಿನೊಳಗೆ ನುಗ್ಗಿ ಮುಂದೆ ಹೋಗಲು ನೋಡಬೇಡಿ. ಹಿಂದೆ ನಿಂತು ಫೋಟೋ ತೆಗೆಯಿರಿ, ಧೂಳು ಇಳಿಯಲಿ. ಸಂಜೆಯಾಗುವ ಮುಂಚೆ ಗಾಡಿ ನಿಲ್ಲಿಸಿ.

ಸ್ಟೆಪ್ನಿ ಇವತ್ತೇ ನೋಡಿ. ಈಗಿನ ಎಷ್ಟೋ ಎಸ್‌ಯುವಿಗಳಲ್ಲಿ ಸೈಕಲ್ ಚಕ್ರದಂಥ ಸಣಕಲು ಸ್ಟೆಪ್ನಿ ಇರುತ್ತದೆ, ಇಲ್ಲವೇ ಬರೀ ಪಂಕ್ಚರ್ ಅಂಟಿನ ಡಬ್ಬಿ. ಅದನ್ನು ನಂಬಿ ಈ ರಸ್ತೆಗೆ ಇಳಿಯಬಾರದು. ಬಾಡಿಗೆಯ ಕರಾರನ್ನೂ ಓದಿ. ಮಾಮೂಲಿ ಬಾಡಿಗೆ ಗಾಡಿಗಳನ್ನು ಟಾರು ಇಲ್ಲದ ರಸ್ತೆಗೆ ಒಯ್ಯುವ ಹಾಗೇ ಇಲ್ಲ. ಒಯ್ಯಬಹುದಾದ ಗಾಡಿಗಳಲ್ಲೂ ತಳಭಾಗ, ಟೈರ್, ಗಾಜು, ತಾನಾಗಿ ಮಗುಚಿದ್ದು, ಕತ್ತಲಾದ ಮೇಲೆ ಓಡಿಸಿದ್ದು ವಿಮೆಯಲ್ಲಿ ಬರದಿರುವುದು ಮಾಮೂಲು. ‘ಆಲ್ ವೀಲ್ ಡ್ರೈವ್ ಇದೆ, ಎಲ್ಲಿ ಬೇಕಾದರೂ ಹೋಗಬಹುದು’ ಎಂದು ಕೌಂಟರ್‌ನವರು ಬಾಯಲ್ಲಿ ಹೇಳಿದರೆ ಲೆಕ್ಕಕ್ಕಿಲ್ಲ. ಊಡ್ನಡಾಟಾ ಟ್ರ್ಯಾಕ್ ಎಂಬ ಹೆಸರು ಹೇಳಿ, ಬರಹದಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ಈಗ ಮಳೆ. ವರ್ಷಕ್ಕೆ 200 ಮಿಲಿಮೀಟರ್ ಕೂಡ ಬೀಳದ ಜಾಗದಲ್ಲಿ ಮಳೆಯ ಭಯವೇ? ಅಲ್ಲಿನ ನೆಲ ಬಹುಪಾಲು ಜೇಡಿ. ಸ್ವಲ್ಪ ನೆನೆದರೂ ಸೋಪು ಹಚ್ಚಿದ ಹಾಗೆ ಜಾರುತ್ತದೆ. ಹಳ್ಳಗಳು ರಸ್ತೆಯ ಮೇಲೇ ಹರಿಯುತ್ತವೆ. ಟ್ರ್ಯಾಕ್ ಮುಚ್ಚಿದರೆ ತೆರೆಯಲು ದಿನಗಟ್ಟಲೆ ಹಿಡಿಯಬಹುದು. ಮುಚ್ಚಿದ ರಸ್ತೆಯಲ್ಲಿ ಗಾಡಿ ಇಳಿಸಿದರೆ ದಂಡ. 2022ರ ಜನವರಿಯಲ್ಲಿ ಸ್ಟುವರ್ಟ್ ಹೈವೇಯೇ ನೀರಿನಲ್ಲಿ ಮುಳುಗಿ, ಕೂಬರ್ ಪೀಡಿಗೆ ವಾಯುಪಡೆಯ ವಿಮಾನದಲ್ಲಿ ಆಹಾರ ತಂದಿಳಿಸಬೇಕಾಯಿತು. ಹೊರಡುವ ದಿನ ಬೆಳಗ್ಗೆ ಸೌತ್ ಆಸ್ಟ್ರೇಲಿಯಾ ಸರ್ಕಾರದ ಔಟ್‌ಬ್ಯಾಕ್ (ಒಳನಾಡಿನ) ರಸ್ತೆಗಳ ಮಾಹಿತಿ ನೋಡಿ. ಫೋನಿನ ಮ್ಯಾಪ್ ಇದನ್ನೆಲ್ಲ ಹೇಳುತ್ತದೆ ಎಂದು ಕೂರಬೇಡಿ. 2012ರಲ್ಲಿ ಮಿಲ್ಡುರಾ ಊರಿಗೆ ಹೊರಟವರನ್ನು ಫೋನಿನ ಮ್ಯಾಪ್ ಸುಮಾರು 70 ಕಿಲೋಮೀಟರ್ ಆಚೆಯ, ನೀರಿಲ್ಲದ ಕಾಡುಬಯಲಿನ ನಡುವೆ ಬಿಟ್ಟಿತ್ತು. ಕೊನೆಗೆ ವಿಕ್ಟೋರಿಯಾ ಪೊಲೀಸರು ‘ಅದನ್ನು ನಂಬಬೇಡಿ’ ಎಂದು ಎಚ್ಚರಿಕೆಯನ್ನೇ ಹೊರಡಿಸಿದರು.

ಮೈದುನನ ‘ಎರಡು ಗಾಡಿ’ ಮಾತು? ಸಿಂಪ್ಸನ್ ಮರುಭೂಮಿಯ ಮರಳ ದಿಬ್ಬಗಳಿಗೆ ಅದು ಸರಿಯಾದ ಮಾತು. ಆ ಜಾಗವನ್ನು ಹೇಗೂ ಪ್ರತಿ ವರ್ಷ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಮುಚ್ಚುತ್ತಾರೆ, ಬಿಸಿಲಿನ ಕಾರಣಕ್ಕೇ. ನಿಮ್ಮ ಟ್ರ್ಯಾಕ್‌ಗೆ ಜುಲೈನಲ್ಲಿ ಒಂದೇ ಗಾಡಿ ಸಾಕು. ಜನವರಿಯಲ್ಲಿ ಎರಡು ಗಾಡಿ ಹೋದರೆ ಅಪಾಯ ಖಂಡಿತ ಕಡಿಮೆ, ಒಂದು ಕೆಟ್ಟರೆ ಇನ್ನೊಂದರಲ್ಲಿ ಎಲ್ಲರನ್ನೂ ತುಂಬಿಕೊಂಡು ಬರಬಹುದು. ಆದರೆ ಮಳೆಗೆ ಎರಡೂ ಒಟ್ಟಿಗೇ ಸಿಕ್ಕಿಬೀಳುತ್ತವೆ. ಮಾವನವರ ಮೇಲೆ ಬಿಸಿಲು ಅಷ್ಟೇ ಇರುತ್ತದೆ.

ಹಾಗಾದರೆ ಏನು ಮಾಡುವುದು? ನಾನು ನಿಮ್ಮ ಜಾಗದಲ್ಲಿದ್ದರೆ ಪ್ರವಾಸವನ್ನು ಎರಡು ತುಂಡು ಮಾಡುತ್ತಿದ್ದೆ.

ಜನವರಿಯಲ್ಲಿ ಮಾವನವರ ಜೊತೆ ಟಾರು ರಸ್ತೆಯಲ್ಲೇ ಕೂಬರ್ ಪೀಡಿಗೆ. ಅಡಿಲೇಡ್‌ನಿಂದ ಸುಮಾರು 850 ಕಿಲೋಮೀಟರ್, ಎರಡು ದಿನ ಮಾಡಿ. ಮೊದಲ ರಾತ್ರಿ ಪೋರ್ಟ್ ಅಗಸ್ಟಾ, ಮಾರನೇ ದಿನ ಬೆಳಕು ಹರಿದ ಮೇಲೆ ಹೊರಟರೆ ಮಧ್ಯಾಹ್ನದ ಸುಡು ಬಿಸಿಲಿಗೆ ಮುಂಚೆ ಹೆಚ್ಚಿನ ದಾರಿ ಮುಗಿದಿರುತ್ತದೆ. ಉಪ್ಪಿನ ಸರೋವರ ನೋಡುವ ಆಸೆಯೇ? ವೂಮೆರಾ ದಾಟಿದ ಮೇಲೆ ಲೇಕ್ ಹಾರ್ಟ್ ಹೈವೇಯ ಪಕ್ಕದಲ್ಲೇ ಬಿಳಿ ಹಾಸಿಕೊಂಡು ಬಿದ್ದಿದೆ. ಕೂಬರ್ ಪೀಡಿಯಲ್ಲಿ ನೆಲದೊಳಗೆ ಕೊರೆದ ಕೋಣೆಗಳಲ್ಲಿ ತಂಗಬಹುದು. ಓಪಲ್ ಎಂಬ ರತ್ನ ಅಗೆಯಲು ಬಂದವರು ಬಿಸಿಲು ತಾಳಲಾರದೆ ಹಿಡಿದ ದಾರಿ ಅದು. ಹೊರಗೆ 42 ಇದ್ದರೂ ಒಳಗೆ ಸುಮಾರು 23–25 ಡಿಗ್ರಿ, ಏಸಿ ಇಲ್ಲದೆ. ಮಾವನವರಿಗೆ ಇದು ಹಿಡಿಸದಿದ್ದರೆ ಕೇಳಿ. ಇದರಲ್ಲಿ ಅಪಾಯವೇ ಇಲ್ಲ ಎಂದಲ್ಲ. ಉದ್ದ ನೇರ ರಸ್ತೆಯಲ್ಲಿ ನಿದ್ದೆ ಎಳೆಯುತ್ತದೆ, ಬೆಳಗ್ಗೆ ಸಂಜೆ ಪ್ರಾಣಿಗಳು ಅಡ್ಡ ಬರುತ್ತವೆ. ಒಬ್ಬರಿಗೆ 10 ಲೀಟರಿನಂತೆ ನೀರು, ಬೀಕನ್ ಆಗಲೂ ಇರಲಿ. ಆದರೆ ಕೆಟ್ಟು ನಿಂತರೆ ಮುಂದಿನ ಲಾರಿ ಬರಲು ದಿನ ಕಾಯಬೇಕಿಲ್ಲ. ಮುನ್ಸೂಚನೆ 45 ದಾಟಿದರೆ ಒಂದೆರಡು ದಿನ ಮುಂದೆ ಹಾಕಿ, ಅದಕ್ಕೇ ಕಾಯ್ದಿರಿಸುವಾಗ ರದ್ದು ಮಾಡಬಹುದಾದ ಕೋಣೆ ನೋಡಿ.

ಜುಲೈ ರಜೆಗೆ ನೀವು ನಾಲ್ವರು ಟ್ರ್ಯಾಕ್ ಮಾಡಿ. ಪೂರ್ತಿ ಮಾಡಲೇಬೇಕೆಂದಿಲ್ಲ. ಮರ್ರೀಯಿಂದ ವಿಲಿಯಂ ಕ್ರೀಕ್, ಅಲ್ಲಿಂದ ಅಡ್ಡ ರಸ್ತೆ ಹಿಡಿದು 166 ಕಿಲೋಮೀಟರ್ ಕೂಬರ್ ಪೀಡಿ. ನನ್ನ ಲೆಕ್ಕದಲ್ಲಿ ಟ್ರ್ಯಾಕ್‌ನ ರಸವೆಲ್ಲ ಇರುವುದು ಮರ್ರೀ, ವಿಲಿಯಂ ಕ್ರೀಕ್ ನಡುವಿನ ಆ ತುಂಡಿನಲ್ಲೇ. 1980ರಲ್ಲಿ ನಿಂತುಹೋದ ಹಳೆಯ ಘಾನ್ ರೈಲಿನ ನಿಲ್ದಾಣಗಳ ಪಾಳು ಗೋಡೆಗಳು, ಬಟಾಬಯಲಿನ ನಡುವೆ ನೆಲದಡಿಯಿಂದ ಗುಳುಗುಳು ಎಂದು ಉಕ್ಕುವ ಬಬ್ಲರ್ ಎಂಬ ಚಿಲುಮೆ. ಮಕ್ಕಳು ಅಲ್ಲಿಂದ ಏಳುವುದೇ ಇಲ್ಲ. ಲೇಕ್ ಐರ್ ನೋಡಲು ಹ್ಯಾಲಿಗನ್ ಬೇಗೆ ಗಾಡಿ ಇಳಿಸುವ ಬದಲು ವಿಲಿಯಂ ಕ್ರೀಕ್‌ನಿಂದ ಸಣ್ಣ ವಿಮಾನದಲ್ಲಿ ಒಂದು ಸುತ್ತು ಹೋಗಿ ಬನ್ನಿ. ದುಬಾರಿ ಅನಿಸುತ್ತದೆ, ಆದರೆ ಅಷ್ಟು ದೊಡ್ಡ ಸರೋವರ ದಂಡೆಯಲ್ಲಿ ನಿಂತರೆ ಕಣ್ಣಿಗೆ ಸಿಗುವುದೇ ಇಲ್ಲ. ಮಣ್ಣು ರಸ್ತೆಯಲ್ಲಿ ಓಡಿಸುವ ಧೈರ್ಯವೇ ಇಲ್ಲ ಅಂದರೆ ಗೈಡ್ ಜೊತೆ ಹೋಗುವ ಪ್ರವಾಸಗಳಿವೆ. ನಿಮ್ಮ ಹೊತ್ತಿಗೆ ನಿಲ್ಲಿಸಲು ಆಗುವುದಿಲ್ಲ ಅನ್ನುವುದಷ್ಟೇ ಅದರ ಕಿರಿಕಿರಿ.

ಜುಲೈನಲ್ಲೂ ಸ್ಟೆಪ್ನಿ, ಬೀಕನ್, ಗಾಡಿ ಬಿಡದ ಒಪ್ಪಂದ ಇವೆಲ್ಲ ಹಾಗೆಯೇ ಇರಲಿ. ಮಳೆ ಬಂದರೆ ಕಾಯಲು ಎರಡು ದಿನ ಹೆಚ್ಚುವರಿ ಇಟ್ಟುಕೊಳ್ಳಿ. ‘ಸೋಮವಾರ ಆಫೀಸಿಗೆ ಹೋಗಲೇಬೇಕು’ ಎಂದು ಹೊರಟವರೇ ಮುಚ್ಚಿದ ರಸ್ತೆಗೆ ಇಳಿಯುವುದು. ಮತ್ತೆ, ಮನೆ ತಲುಪಿದ ತಕ್ಷಣ ಮೈದುನನಿಗೆ ಫೋನ್ ಮಾಡಿ. ಬಂದ ಸುಸ್ತಿಗೆ ಮಲಗಿಬಿಟ್ಟವರ ಮನೆ ಬಾಗಿಲನ್ನು ನಡುರಾತ್ರಿ ಪೊಲೀಸರು ಬಡಿದದ್ದು ನನಗೆ ಗೊತ್ತು.